ಫಿಸಿಯೋನೆಟ್ ವಿಮರ್ಶೆ: ಇಸಿಜಿ ಡೇಟಾ ಪುಕ್ಕಟೆ, ಎಚ್ಚರ ಮಾತ್ರ ನಿಮ್ಮದು

ಇಸಿಜಿ ಮೇಲೆ ಪ್ರಾಜೆಕ್ಟ್ ಮಾಡಹೊರಟ ಎಂಜಿನಿಯರಿಂಗ್ ವಿದ್ಯಾರ್ಥಿಗೂ, ಪಿಎಚ್‌ಡಿಗೆ ಸಿನಾಪ್ಸಿಸ್ ಬರೆಯುತ್ತಿರುವವರಿಗೂ ಮೊದಲು ಎದುರಾಗುವುದು ಒಂದೇ ತೊಡಕು: ಡೇಟಾ ಎಲ್ಲಿಂದ ತರುವುದು? ಆಸ್ಪತ್ರೆಯಿಂದ ತರಬೇಕೆಂದರೆ ಎಥಿಕ್ಸ್ ಕಮಿಟಿ ಒಪ್ಪಬೇಕು, ರೋಗಿಗಳು ಒಪ್ಪಬೇಕು, ಆಮೇಲೆ ಪ್ರತಿ ಬಡಿತಕ್ಕೂ ಹಣೆಪಟ್ಟಿ ಹಚ್ಚಲು ಹೃದ್ರೋಗ ತಜ್ಞರು ಬಿಡುವು ಮಾಡಿಕೊಳ್ಳಬೇಕು. ಅಷ್ಟರಲ್ಲಿ ಕೋರ್ಸೇ ಮುಗಿದಿರುತ್ತದೆ. ಹಾಗಾಗಿ ಬಹುತೇಕ ಎಲ್ಲರೂ ಬಂದು ಸೇರುವುದು ಫಿಸಿಯೋನೆಟ್ ಎಂಬ ಆನ್‌ಲೈನ್ ಡೇಟಾ ಭಂಡಾರಕ್ಕೆ. ಅಮೆರಿಕದ ಎಂಐಟಿಯ ಕಂಪ್ಯುಟೇಶನಲ್ ಫಿಸಿಯಾಲಜಿ ಪ್ರಯೋಗಾಲಯ ನಡೆಸುವ ಈ ಸೇವೆ 1999ರಿಂದ ಇದೆ. ದುಡ್ಡು ಕೊಡಬೇಕಿಲ್ಲ.

ಸೇವೆ ಅತ್ಯುತ್ತಮ, ಇದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿಂದ ಡೇಟಾ ಇಳಿಸಿಕೊಂಡು "ಶೇ. 99 ನಿಖರತೆ" ಎಂದು ಬರೆದ ಪೇಪರ್‌ಗಳಲ್ಲಿ ಬಹಳಷ್ಟನ್ನು ನಂಬುವ ಹಾಗಿಲ್ಲ. ತಪ್ಪು ಫಿಸಿಯೋನೆಟ್‌ನದಲ್ಲ. ಪ್ರತಿ ಡೇಟಾಸೆಟ್‌ನ ಜೊತೆಗೂ ಅದರ ಹುಳುಕುಗಳನ್ನು ಅವರೇ ಬರೆದಿಟ್ಟಿದ್ದಾರೆ. ಅದನ್ನು ಯಾರೂ ಓದುವುದಿಲ್ಲ, ಅಷ್ಟೆ.

ಮೊದಲು ಇಳಿಸಿಕೊಳ್ಳುವ ವಿಚಾರ. ಪ್ರತಿ ಡೇಟಾಸೆಟ್‌ನ ಪುಟದ ಕೊನೆಯಲ್ಲಿ ಜಿಪ್ ಫೈಲ್, ವಿಗೆಟ್ (ಫೈಲ್ ಇಳಿಸುವ ಪ್ರೋಗ್ರಾಮ್) ಆದೇಶ, ಅಮೆಜಾನ್ ಕ್ಲೌಡ್‌ನಿಂದ ನಕಲಿಸುವ ಆದೇಶ ಇರುತ್ತವೆ. ಸಣ್ಣ ಡೇಟಾಸೆಟ್ ಆದರೆ ಜಿಪ್ ಸಾಕು. ದೊಡ್ಡದನ್ನು ಜಿಪ್‌ನಲ್ಲಿ ಇಳಿಸಲು ಹೋದರೆ ನಡುವೆ ಸಂಪರ್ಕ ಕಡಿದು ಮತ್ತೆ ಮೊದಲಿನಿಂದ ಶುರು ಮಾಡುವ ಪ್ರಸಂಗ ಬರುತ್ತದೆ. ವಿಗೆಟ್ ಆದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಕ್ಲೌಡ್ ಪ್ರತಿ ಅದಕ್ಕಿಂತ ವೇಗ, ಅದಕ್ಕೆ ಖಾತೆಯೂ ಬೇಡ. ಇಳಿದ ಮೇಲೆ ಜೊತೆಗೆ ಬರುವ ಚೆಕ್‌ಸಮ್ ಫೈಲ್‌ನೊಂದಿಗೆ ತಾಳೆ ನೋಡಿ. ಅರ್ಧಂಬರ್ಧ ಇಳಿದ ಫೈಲ್ ಕೆಲವೊಮ್ಮೆ ದೋಷ ತೋರಿಸದೆ ತೆರೆದುಕೊಂಡುಬಿಡುತ್ತದೆ.

ಓದಲು ಪೈಥಾನ್‌ನ ಡಬ್ಲ್ಯುಎಫ್‌ಡಿಬಿ ಪ್ಯಾಕೇಜ್ ಬಳಸಿ. ಒಂದು ರೆಕಾರ್ಡ್ ಎಂದರೆ ಸಾಮಾನ್ಯವಾಗಿ ಮೂರು ಫೈಲ್: ಅಲೆಯ ಡೇಟಾ ಒಂದರಲ್ಲಿ, ಅದನ್ನು ಓದುವ ವಿವರ ಹೆಡರ್‌ನಲ್ಲಿ, ಬಡಿತಗಳ ಗುರುತು ಇನ್ನೊಂದರಲ್ಲಿ. ಪ್ಯಾಕೇಜ್ ಯಾಕೆ, ನಾವೇ ಬೈನರಿ ಓದುತ್ತೇವೆ ಎಂದು 16 ಬಿಟ್ ಲೆಕ್ಕದಲ್ಲಿ ತೆರೆದರೆ ಕಸ ಬರುತ್ತದೆ. ಮುಂದೆ ವಿವರಿಸುವ ಎಂಐಟಿ-ಬಿಐಎಚ್ ಡೇಟಾಬೇಸ್ 212 ಎಂಬ ಫಾರ್ಮ್ಯಾಟ್‌ನಲ್ಲಿದೆ, ಅಂದರೆ 12 ಬಿಟ್‌ನ ಎರಡು ಅಂಕಿಗಳನ್ನು 3 ಬೈಟ್‌ನಲ್ಲಿ ಒತ್ತಿ ಇಟ್ಟಿದ್ದಾರೆ.

ಅದರ ರೆಕಾರ್ಡ್ 100 ಅನ್ನೇ ಬಿಚ್ಚಿ ನೋಡೋಣ. ಹೆಡರ್ ಹೇಳುವುದು: ಎರಡು ಚಾನೆಲ್, ಸೆಕೆಂಡಿಗೆ 360 ಸ್ಯಾಂಪಲ್, ಒಟ್ಟು 6,50,000 ಸ್ಯಾಂಪಲ್, ಅಂದರೆ ಅರ್ಧ ಗಂಟೆಗಿಂತ ತುಸು ಹೆಚ್ಚು. ಗೇನ್ (ಒಂದು ಮಿಲಿವೋಲ್ಟ್‌ಗೆ ಎಷ್ಟು ಅಂಕಿ ಎಂಬುದು) 200, ಸೊನ್ನೆಯ ಗೆರೆ 1024. ಮೊದಲ ಸ್ಯಾಂಪಲ್‌ನ ಕಚ್ಚಾ ಬೆಲೆ 995. ಇದರಿಂದ 1024 ಕಳೆದು 200ರಿಂದ ಭಾಗಿಸಿದರೆ ಮೈನಸ್ 0.145 ಮಿಲಿವೋಲ್ಟ್. ಪ್ಯಾಕೇಜ್ ಕೊಡುವ ಮೊದಲ ಅಂಕಿಯೂ ಇದೇ ಆಗಿದ್ದರೆ ನಿಮ್ಮ ಓದು ಸರಿಯಿದೆ. ಗುರುತಿನ ಫೈಲ್‌ನಲ್ಲಿ ಮೊದಲನೆಯದು 18ನೇ ಸ್ಯಾಂಪಲ್‌ನಲ್ಲಿರುವ ಪ್ಲಸ್ ಚಿಹ್ನೆ. ಅದು ಬಡಿತವಲ್ಲ, ಲಯ ಬದಲಾವಣೆಯ ಸೂಚನೆ. ನಿಜವಾದ ಮೊದಲ ಬಡಿತ 77ರಲ್ಲಿ, ಎರಡನೆಯದು 370ರಲ್ಲಿ. ಅಂತರ 293 ಸ್ಯಾಂಪಲ್, 0.81 ಸೆಕೆಂಡ್, ನಿಮಿಷಕ್ಕೆ ಸುಮಾರು 74 ಬಡಿತ. ಪ್ಲಸ್ ಚಿಹ್ನೆಯನ್ನೂ ಬಡಿತವೆಂದು ಎಣಿಸಿದರೆ ಮೊದಲ ಅಂತರವೇ 59 ಸ್ಯಾಂಪಲ್ ಆಗಿ, ಹೃದಯ ನಿಮಿಷಕ್ಕೆ 366 ಸಲ ಬಡಿಯುತ್ತಿದೆ ಎಂಬ ಉತ್ತರ ಬರುತ್ತದೆ! ಬಡಿತದ ಚಿಹ್ನೆಗಳನ್ನು ಮಾತ್ರ ಸೋಸಿ ತೆಗೆಯುವುದು ಮೊದಲ ಕೆಲಸ.

ಈಗ ಎಲ್ಲರೂ ಬಳಸುವ, ಎಲ್ಲರೂ ಎಡವುವ ಎಂಐಟಿ-ಬಿಐಎಚ್ ಅರಿದ್ಮಿಯಾ ಡೇಟಾಬೇಸ್. ಬಾಸ್ಟನ್‌ನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ 1975ರಿಂದ 1979ರವರೆಗೆ ಹೋಲ್ಟರ್ (ರೋಗಿ ಮೈಮೇಲೆ ಹೊತ್ತು ತಿರುಗುವ ಇಸಿಜಿ ರೆಕಾರ್ಡರ್) ಟೇಪ್‌ನಲ್ಲಿ ದಾಖಲಾದದ್ದು. 48 ರೆಕಾರ್ಡ್, 47 ಜನ. ಇವುಗಳಲ್ಲಿ 23 ಮಾತ್ರ ಯಾದೃಚ್ಛಿಕವಾಗಿ ಆರಿಸಿದವು. ಉಳಿದ 25 ಅಪರೂಪದ, ಆದರೆ ವೈದ್ಯಕೀಯವಾಗಿ ಮುಖ್ಯವಾದ ಲಯಗಳು ಬರಲಿ ಎಂದು ಬೇಕಂತಲೇ ಹುಡುಕಿ ಹಾಕಿದವು. ಆದ್ದರಿಂದ "ಜನರಲ್ಲಿ ಇಷ್ಟು ಪ್ರಮಾಣ" ಎಂಬ ಯಾವ ಮಾತನ್ನೂ ಈ ಡೇಟಾದಿಂದ ಹೇಳುವಂತಿಲ್ಲ. ಇಬ್ಬರು ತಜ್ಞರು ಸ್ವತಂತ್ರವಾಗಿ ಗುರುತು ಹಾಕಿ, ಭಿನ್ನಾಭಿಪ್ರಾಯ ಬಂದಲ್ಲಿ ಕೂತು ಚರ್ಚಿಸಿ ತೀರ್ಮಾನಿಸಿದ ಸುಮಾರು 1,10,000 ಬಡಿತಗಳು ಇದರ ನಿಜವಾದ ಆಸ್ತಿ.

ಎಡವುವ ಜಾಗಗಳಲ್ಲಿ ಮೊದಲನೆಯದು ಚಾನೆಲ್. ಹೆಚ್ಚಿನ ರೆಕಾರ್ಡ್‌ಗಳಲ್ಲಿ ಮೊದಲ ಚಾನೆಲ್ ಮಾರ್ಪಡಿಸಿದ ಲೀಡ್ 2 (ಲೀಡ್ ಎಂದರೆ ಇಸಿಜಿ ಹೃದಯವನ್ನು ನೋಡುವ ಒಂದು ಕೋನ). ಆದರೆ 114ರಲ್ಲಿ ಎರಡೂ ಅದಲುಬದಲು. 102 ಮತ್ತು 104ರಲ್ಲಿ ಆ ಲೀಡ್ ಇಲ್ಲವೇ ಇಲ್ಲ, ರೋಗಿಯ ಎದೆಯ ಮೇಲೆ ಶಸ್ತ್ರಚಿಕಿತ್ಸೆಯ ಪಟ್ಟಿ ಇದ್ದುದರಿಂದ ವಿ5 ಹಾಕಿದ್ದಾರೆ. ಚಾನೆಲ್ ಸೊನ್ನೆ ಎಂದು ಕುರುಡಾಗಿ ಆರಿಸಬೇಡಿ, ಲೀಡ್‌ನ ಹೆಸರು ಕೊಟ್ಟು ಆರಿಸಿ.

ಎರಡನೆಯದು ಕರೆಂಟಿನ ಗದ್ದಲ. ಅಮೆರಿಕದಲ್ಲಿ ವಿದ್ಯುತ್ತಿನ ಆವರ್ತನ 60 ಹರ್ಟ್ಸ್, ನಮ್ಮಲ್ಲಿ 50. ನಮ್ಮ ಪಠ್ಯದಲ್ಲಿದ್ದ 50 ಹರ್ಟ್ಸ್ ನಾಚ್ ಫಿಲ್ಟರ್ (ಒಂದೇ ಆವರ್ತನವನ್ನು ಅಳಿಸುವ ಫಿಲ್ಟರ್) ತಂದು ಇಲ್ಲಿ ಕೂರಿಸಿದರೆ ಗದ್ದಲ ಇದ್ದಲ್ಲೇ ಇರುತ್ತದೆ, ಅಲೆಯ ಒಂದು ಚೂರು ಹೋಗುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಕೆಲವು ಟೇಪ್‌ಗಳನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಡಿಜಿಟಲ್‌ಗೆ ಇಳಿಸಿದ್ದರಿಂದ, ಆಗ ಸೇರಿಕೊಂಡ 60 ಹರ್ಟ್ಸ್ ಗದ್ದಲ ಅವುಗಳಲ್ಲಿ 30 ಹರ್ಟ್ಸ್‌ನಲ್ಲಿ ಕಾಣಿಸಿಕೊಳ್ಳುತ್ತದೆ. 30ರಲ್ಲಿ ಕ್ಯೂಆರ್‌ಎಸ್‌ನ, ಅಂದರೆ ಪ್ರತಿ ಬಡಿತದ ಚೂಪಾದ ಮುಖ್ಯ ಅಲೆಯ, ಶಕ್ತಿಯೂ ಇದೆ, ಅಲ್ಲಿ ಫಿಲ್ಟರ್ ಹಾಕುವ ಮುನ್ನ ಯೋಚಿಸಿ.

ಮೂರನೆಯದು ಹೃದಯ ಬಡಿತದ ಏರಿಳಿತದ ಅಧ್ಯಯನ, ಅಂದರೆ ಎಚ್‌ಆರ್‌ವಿ. ಟೇಪ್ ರೆಕಾರ್ಡರ್‌ನ ಚಕ್ರಗಳೂ ಸುರುಳಿಗಳೂ ಒಂದೇ ಸಮನೆ ತಿರುಗುವುದಿಲ್ಲ. ಒತ್ತುಚಕ್ರದ ಓಲಾಟ 0.042 ಹರ್ಟ್ಸ್‌ನಲ್ಲಿ, ಟೇಪ್ ಎಳೆಯುವ ಕ್ಯಾಪ್‌ಸ್ಟನ್‌ನದು 0.090ರಲ್ಲಿ, ಟೇಪ್ ಬಿಚ್ಚುವ ಸುರುಳಿಯದು 0.20ರಿಂದ 0.36ರವರೆಗೆ ಏರುತ್ತಾ ಹೋಗುತ್ತದೆ. ಎಚ್‌ಆರ್‌ವಿಯಲ್ಲಿ ನಾವು ನೋಡುವ ಕೆಳ ಪಟ್ಟಿ 0.04ರಿಂದ 0.15, ಮೇಲಿನ ಪಟ್ಟಿ 0.15ರಿಂದ 0.4. ಯಂತ್ರದ ಓಲಾಟ ನೆಟ್ಟಗೆ ಇವುಗಳ ಮೇಲೇ ಬಂದು ಕೂತಿದೆ. ಈ ಡೇಟಾದ ಮೇಲೆ ಎಚ್‌ಆರ್‌ವಿ ಸ್ಪೆಕ್ಟ್ರಮ್ ಬಿಡಿಸಿ ನರಮಂಡಲದ ಬಗ್ಗೆ ತೀರ್ಮಾನ ಬರೆಯುವುದೆಂದರೆ ಟೇಪ್ ರೆಕಾರ್ಡರ್‌ನ ನಾಡಿ ಹಿಡಿದ ಹಾಗೆ.

ಇನ್ನು ಆ ಶೇ. 99ರ ಗುಟ್ಟು. ಎಲ್ಲ ಬಡಿತಗಳನ್ನೂ ಕತ್ತರಿಸಿ ಒಂದೇ ರಾಶಿ ಮಾಡಿ, ಕಲಸಿ, ಶೇ. 80 ತರಬೇತಿಗೆ, ಶೇ. 20 ಪರೀಕ್ಷೆಗೆ ಎಂದು ಹಂಚಿದರೆ ಒಬ್ಬನೇ ರೋಗಿಯ ಅಕ್ಕಪಕ್ಕದ ಬಡಿತಗಳು ಎರಡೂ ಕಡೆ ಬೀಳುತ್ತವೆ. ಮಾದರಿ ಕಾಯಿಲೆಯನ್ನಲ್ಲ, ರೋಗಿಯನ್ನು ಗುರುತಿಸಲು ಕಲಿಯುತ್ತದೆ. ವರ್ಗಗಳ ಅಸಮತೋಲನ ಸರಿಪಡಿಸಲು ಸ್ಮೋಟ್ (ಕಡಿಮೆ ಇರುವ ವರ್ಗಕ್ಕೆ ಕೃತಕ ಮಾದರಿಗಳನ್ನು ಸೃಷ್ಟಿಸುವ ವಿಧಾನ) ಹಾಕಿ ಆಮೇಲೆ ಹಂಚುವುದು ಇನ್ನೂ ಕೆಟ್ಟದ್ದು, ಪರೀಕ್ಷೆಯ ಬಡಿತದ ನೆರಳು ತರಬೇತಿಯೊಳಕ್ಕೆ ಹೋಗಿರುತ್ತದೆ. 2004ರಲ್ಲಿ ಡಿ ಶಜಾಲ್ ಮತ್ತು ಸಂಗಡಿಗರು ರೋಗಿವಾರು ಹಂಚಿಕೆಯೊಂದನ್ನು ಕೊಟ್ಟರು: ಪೇಸ್‌ಮೇಕರ್ ಇರುವ 102, 104, 107, 217 ಬಿಟ್ಟು, ಉಳಿದ 44ರಲ್ಲಿ 22 ತರಬೇತಿಗೆ, 22 ಪರೀಕ್ಷೆಗೆ. ಇಂದಿಗೂ ಹೋಲಿಕೆಗೆ ಇದೇ ಅಳತೆಗೋಲು. ತಮಾಷೆಯೆಂದರೆ 201 ಮತ್ತು 202 ಒಬ್ಬರದೇ ಇಸಿಜಿ, ಅವರು ಈ ಹಂಚಿಕೆಯಲ್ಲಿ ಎರಡೂ ಕಡೆ ಇದ್ದಾರೆ. ಕಟ್ಟುನಿಟ್ಟು ಬೇಕೆಂದರೆ ಹಾಗೆಂದು ಬರೆದು ಒಂದನ್ನು ಕೈಬಿಡಿ.

ಫಲಿತಾಂಶ ಬರೆಯುವಾಗ ಬರೀ ನಿಖರತೆ ಸಾಲದು. ಅಮೆರಿಕದ ವೈದ್ಯಕೀಯ ಉಪಕರಣಗಳ ಮಾನದಂಡ ಸಂಸ್ಥೆ ಎಎಎಂಐನ ವರ್ಗೀಕರಣದಲ್ಲಿ ನೂರಕ್ಕೆ ಸುಮಾರು 89 ಬಡಿತಗಳು ಎನ್ (ಸಾಮಾನ್ಯ) ವರ್ಗಕ್ಕೇ ಸೇರುತ್ತವೆ. ಏನನ್ನೂ ನೋಡದೆ "ಎಲ್ಲವೂ ಎನ್" ಎನ್ನುವ ಪ್ರೋಗ್ರಾಮಿಗೂ ಶೇ. 89 ಅಂಕ ಗ್ಯಾರಂಟಿ. ವರ್ಗವಾರು ಸಂವೇದನಶೀಲತೆ ಮತ್ತು ಧನಾತ್ಮಕ ಮುನ್ಸೂಚನಾ ಮೌಲ್ಯ ಎರಡನ್ನೂ ಕೊಡಿ. ಎಸ್ ವರ್ಗದಲ್ಲಂತೂ (ಹೃದಯದ ಮೇಲ್ಭಾಗದಿಂದ ಹುಟ್ಟುವ ಅಸಹಜ ಬಡಿತಗಳು) ಪರೀಕ್ಷಾ ಗುಂಪಿನ ಸುಮಾರು ಮುಕ್ಕಾಲು ಭಾಗ ಬಡಿತಗಳು 232 ಎಂಬ ಒಂದೇ ರೆಕಾರ್ಡ್‌ನಿಂದ ಬಂದವು. ಆ ಒಬ್ಬ ರೋಗಿಯ ಮೇಲೆ ಮಾದರಿ ಗೆದ್ದರೆ ಅಂಕ ಮೇಲೆ, ಸೋತರೆ ಕೆಳಗೆ. ಎರಡು ಪೇಪರ್‌ಗಳ ನಡುವಿನ ಹತ್ತಾರು ಶೇಕಡಾ ವ್ಯತ್ಯಾಸಕ್ಕೆ ಎಷ್ಟೋ ಸಲ ಇಷ್ಟೇ ಕಾರಣ. ವೈವಾದಲ್ಲಿ ಪರೀಕ್ಷಕರು ಇದನ್ನು ಕೇಳಬೇಕು, ಕೇಳುವುದು ಕಡಿಮೆ.

ಇದೇ ಡೇಟಾದ ಸಿಎಸ್‌ವಿ ರೂಪವೊಂದು ಕ್ಯಾಗಲ್ ಎಂಬ ಡೇಟಾ ಹಂಚಿಕೆ ತಾಣದಲ್ಲಿ ಓಡಾಡುತ್ತಿದೆ: 125 ಹರ್ಟ್ಸ್‌ಗೆ ಇಳಿಸಿದ, ಸಾಲಿಗೆ 187 ಅಂಕಿಗಳ, 1,09,446 ಬಡಿತಗಳು. ತೆರೆಯಲು ಬಲು ಸುಲಭ. ಆದರೆ ಅದರಲ್ಲಿ ರೋಗಿಯ ಗುರುತೇ ಇಲ್ಲ, ಆದ್ದರಿಂದ ರೋಗಿವಾರು ಹಂಚಿಕೆ ಸಾಧ್ಯವೇ ಇಲ್ಲ. ಪೈಥಾನ್ ಕಲಿಯಲು ಅಡ್ಡಿಯಿಲ್ಲ, ಪೇಪರ್‌ಗೆ ಬೇಡ.

ಹಾಗಾದರೆ ಈ ಹಳೆಯ ಡೇಟಾಬೇಸ್ ಯಾವುದಕ್ಕೆ ಒಳ್ಳೆಯದು? ಕ್ಯೂಆರ್‌ಎಸ್ ಪತ್ತೆ ಮಾಡುವ ಕ್ರಮವಿಧಿ ಪರೀಕ್ಷಿಸಲು ಇಂದಿಗೂ ಬಲು ಉಪಯುಕ್ತ. ನಿಮ್ಮ ಪತ್ತೆ ಮತ್ತು ಅವರ ಗುರುತಿನ ನಡುವೆ 150 ಮಿಲಿಸೆಕೆಂಡ್‌ವರೆಗೆ, ಅಂದರೆ 54 ಸ್ಯಾಂಪಲ್ ವ್ಯತ್ಯಾಸ ಒಪ್ಪಿತ. ಮೊದಲ 5 ನಿಮಿಷ ಕಲಿಕೆಗೆ ಬಿಟ್ಟು ಉಳಿದದ್ದನ್ನು ಅಳೆಯಿರಿ. 207ರಲ್ಲಿ ವೆಂಟ್ರಿಕ್ಯುಲರ್ ಫ್ಲಟರ್ ಇರುವ ಭಾಗವನ್ನು ಬಡಿತಗಳ ಲೆಕ್ಕದಿಂದ ಹೊರಗಿಡಿ. ಗದ್ದಲಕ್ಕೆ ಎಷ್ಟು ತಡೆಯುತ್ತದೆ ಎಂದು ನೋಡಲು ನಾಯ್ಸ್ ಸ್ಟ್ರೆಸ್ ಡೇಟಾಬೇಸ್ ಇದೆ, 118 ಮತ್ತು 119ಕ್ಕೆ 24 ಡೆಸಿಬೆಲ್‌ನಿಂದ ಮೈನಸ್ 6ರವರೆಗೆ ಗದ್ದಲ ಬೆರೆಸಿದ್ದಾರೆ. ಕೆಲವು ನೂರು ರೂಪಾಯಿಯ ಎಡಿ8232 ಇಸಿಜಿ ಸೆನ್ಸರ್ ಮಾಡ್ಯೂಲ್ ಮೇಲೆ ನಿಮ್ಮ ಪ್ರೋಗ್ರಾಮ್ ಓಡಬೇಕಿದ್ದರೆ ಅದರ ಸ್ಯಾಂಪಲಿಂಗ್ ವೇಗಕ್ಕೆ ಈ 360ನ್ನು ಮೊದಲು ಇಳಿಸಿ, ನಾಚ್ ಫಿಲ್ಟರನ್ನು ಇಲ್ಲಿಯ 50ಕ್ಕೆ ಬದಲಿಸಿ. ಏಟ್ರಿಯಲ್ ಫಿಬ್ರಿಲೇಶನ್ ಡೇಟಾಬೇಸ್ ಬಳಸುವವರಿಗೆ ಒಂದು ಕಿವಿಮಾತು: 25ರಲ್ಲಿ 00735 ಮತ್ತು 03665ಕ್ಕೆ ಅಲೆಯ ಫೈಲ್ ಇಲ್ಲ, ಲೂಪ್ ಅಲ್ಲೇ ಮುಗ್ಗರಿಸುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನಮ್ಮ ಶಿಫಾರಸು ಪಿಟಿಬಿ-ಎಕ್ಸ್‌ಎಲ್. ಜರ್ಮನಿಯ ಡೇಟಾ, 1989ರಿಂದ 1996ರ ನಡುವಿನದು. 18,869 ರೋಗಿಗಳ 21,799 ಇಸಿಜಿ, 12 ಲೀಡ್, ತಲಾ 10 ಸೆಕೆಂಡ್, 500 ಮತ್ತು 100 ಹರ್ಟ್ಸ್ ಎರಡೂ ರೂಪದಲ್ಲಿ. ಹಂಚಿಕೆಯ ಜಗಳವನ್ನೇ ಇವರು ಮುಗಿಸಿಬಿಟ್ಟಿದ್ದಾರೆ: ರೋಗಿಗಳು ಬೆರೆಯದಂತೆ ಹತ್ತು ಭಾಗ ಮಾಡಿ, 1ರಿಂದ 8 ತರಬೇತಿಗೆ, 9 ಹೊಂದಾಣಿಕೆಗೆ, 10 ಪರೀಕ್ಷೆಗೆ ಎಂದು ಹೇಳಿದ್ದಾರೆ. ಅದನ್ನೇ ಬಳಸಿ, ಸ್ವಂತ ಜಾಣತನ ಬೇಡ.

ಆದರೂ ಇಲ್ಲಿ ಬೀಳುವ ಗುಂಡಿಗಳಿವೆ. ವಯಸ್ಸಿನ ಕಾಲಂನಲ್ಲಿ 300 ಎಂದು ಸಿಗುತ್ತದೆ. 89 ದಾಟಿದವರ ಗುರುತು ಮರೆಸಲು ಹಾಗೆ ಬರೆದದ್ದು. ಗಮನಿಸದೆ ಸರಾಸರಿ ತೆಗೆದರೆ ಕೆಡುತ್ತದೆ. ರೋಗನಿರ್ಣಯದ ಕೋಡ್‌ಗಳ ಮುಂದೆ ಶೇಕಡಾವಾರು ಖಚಿತತೆ ಕೊಟ್ಟಿದ್ದಾರೆ, ಆದರೆ ಅಲ್ಲಿ ಸೊನ್ನೆ ಎಂದರೆ "ಇಲ್ಲ" ಎಂದಲ್ಲ, "ಖಚಿತತೆ ನಮೂದಾಗಿಲ್ಲ" ಎಂದು. ಮೊದಲ ರೆಕಾರ್ಡ್‌ನಲ್ಲೇ ಸೈನಸ್ ರಿದಮ್‌ನ ಮುಂದೆ ಸೊನ್ನೆ ಇದೆ. ಸೊನ್ನೆಗಿಂತ ಹೆಚ್ಚಿನದು ಮಾತ್ರ ಇರಲಿ ಎಂದು ಸೋಸಿದರೆ ಲಯದ ಕೋಡ್‌ಗಳೆಲ್ಲ ಒಟ್ಟಿಗೇ ಮಾಯ. ಇನ್ನು ಐದು ದೊಡ್ಡ ವರ್ಗಗಳ ಎಣಿಕೆ ಕೂಡಿದರೆ 21,799ಕ್ಕಿಂತ ಜಾಸ್ತಿ ಬರುತ್ತದೆ, ಏಕೆಂದರೆ ಒಂದೇ ಇಸಿಜಿಯಲ್ಲಿ ಎರಡು ಮೂರು ತೊಂದರೆ ಇರಬಹುದು. ಆದ್ದರಿಂದ ಕೊನೆಯ ಪದರದಲ್ಲಿ ಒಂದೇ ವರ್ಗವನ್ನು ಆರಿಸುವ ಸಾಫ್ಟ್‌ಮ್ಯಾಕ್ಸ್ ಅಲ್ಲ, ಪ್ರತಿ ವರ್ಗಕ್ಕೂ ಇದೆ-ಇಲ್ಲ ಎಂದು ಬೇರೆಬೇರೆ ಹೇಳುವ ಸಿಗ್ಮಾಯ್ಡ್. ವರದಿಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿವೆ.

ಮಿಮಿಕ್‌ನಂಥ ಐಸಿಯು ಡೇಟಾಕ್ಕೆ ಮಾತ್ರ ಅನುಮತಿ ಬೇಕು. ಖಾತೆ ತೆರೆದು, ಸಂಸ್ಥೆಯ ಇಮೇಲ್ ಕೊಟ್ಟು, ಸಿಐಟಿಐ ಎಂಬ ಸಂಶೋಧನಾ ನೀತಿಯ ಆನ್‌ಲೈನ್ ತರಬೇತಿ ಮುಗಿಸಿ, ಒಪ್ಪಂದಕ್ಕೆ ಸಹಿ ಹಾಕಬೇಕು. ತರಬೇತಿ ಮುಗಿದಾಗ ಸರ್ಟಿಫಿಕೇಟ್ ಮತ್ತು ರಿಪೋರ್ಟ್ ಎರಡು ಸಿಗುತ್ತವೆ. ಅಂದದ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿದರೆ ಅರ್ಜಿ ವಾಪಸ್, ಪಾಠವಾರು ಅಂಕಗಳಿರುವ ರಿಪೋರ್ಟೇ ಬೇಕು. ವಿದ್ಯಾರ್ಥಿಗಳು ಗೈಡ್ ಹೆಸರು ಕೊಡಬೇಕು, ಅವರಿಗೆ ಹೋಗುವ ಇಮೇಲ್‌ಗೆ ಅವರು ಉತ್ತರಿಸಬೇಕು. ಅರ್ಜಿ ನಿಲ್ಲುವುದು ಸಾಮಾನ್ಯವಾಗಿ ಅಲ್ಲೇ, ಮೊದಲೇ ಹೇಳಿಡಿ. ಸಿಕ್ಕ ಡೇಟಾವನ್ನು ಗೆಳೆಯರಿಗೆ ಕೊಡುವಂತಿಲ್ಲ, ಹೊರಗಿನ ಎಐ ಚಾಟ್‌ಗೆ ಅಂಟಿಸುವಂತೆಯೂ ಇಲ್ಲ.

ಸುಮಾರು 8 ಲಕ್ಷ ಇಸಿಜಿಗಳ ಮಿಮಿಕ್-4 ಇಸಿಜಿ ಸಂಗ್ರಹಕ್ಕೆ ಈ ರಗಳೆಯಿಲ್ಲ, ಮುಕ್ತವಾಗಿದೆ. ಅದರಲ್ಲಿ ಒಂದನ್ನು ನೆನಪಿಡಿ: ಇಸಿಜಿ ಯಂತ್ರಗಳ ಗಡಿಯಾರಗಳನ್ನು ಹೆಚ್ಚಿನ ಸಂದರ್ಭದಲ್ಲಿ ಹೊರಗಿನ ಸಮಯಕ್ಕೆ ಹೊಂದಿಸಿರಲಿಲ್ಲ. ಟ್ರೊಪೊನಿನ್ (ಹೃದಯಾಘಾತ ಪತ್ತೆಯ ರಕ್ತ ಪರೀಕ್ಷೆ) ವರದಿಗೆ ಮುಂಚೆ ತೆಗೆದ ಇಸಿಜಿ ಯಾವುದು, ಆಮೇಲಿನದು ಯಾವುದು ಎಂದು ನಿಮಿಷದ ಲೆಕ್ಕದಲ್ಲಿ ಬೇರ್ಪಡಿಸುವ ಅಧ್ಯಯನ ಈ ಸಮಯದ ಮೇಲೆ ನಿಲ್ಲುವುದಿಲ್ಲ.

ಪೇಪರ್ ಬರೆಯುವಾಗ "ಫಿಸಿಯೋನೆಟ್‌ನಿಂದ ಪಡೆದದ್ದು" ಎಂದಷ್ಟೇ ಬರೆದರೆ ಸಾಲದು. ಆಯಾ ಡೇಟಾಸೆಟ್‌ನ ಮೂಲ ಲೇಖನ, ಫಿಸಿಯೋನೆಟ್‌ನ ಲೇಖನ ಎರಡನ್ನೂ ಉಲ್ಲೇಖಿಸಬೇಕು, ಆವೃತ್ತಿಯ ಸಂಖ್ಯೆಯನ್ನೂ ಹಾಕಬೇಕು. ಪಿಟಿಬಿ-ಎಕ್ಸ್‌ಎಲ್‌ನ ಹಳೆಯ ಆವೃತ್ತಿಯಲ್ಲಿ 21,837 ಇಸಿಜಿಗಳಿದ್ದವು, 1.0.3ರಲ್ಲಿ 21,799. ಸಂಖ್ಯೆ ತಾಳೆಯಾಗದಿದ್ದರೆ ವಿಮರ್ಶಕರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.