ಕಾಸ್ಟಿಕ್‌ನಲ್ಲಿ ನೆನೆಸಿದ ಅಡಿಕೆ ಸಿಪ್ಪೆ ನಾರು: ದುಡ್ಡು ಕೊಡಬಹುದಾ?

ಶಿವಮೊಗ್ಗ, ಚನ್ನಗಿರಿ ಕಡೆ ಕೊಯ್ಲು ಶುರುವಾದರೆ ರಸ್ತೆ ಬದಿ ರಾಶಿ ಬಿದ್ದು ಹೊಗೆಯಾಡುತ್ತಲ್ಲ, ಅದೇ ಅಡಿಕೆ ಸಿಪ್ಪೆ ಈಗ ನಾರಾಗಿ ಪ್ಯಾಕೆಟ್‌ನಲ್ಲಿ ಸಿಗುತ್ತಿದೆ. ಎಪಾಕ್ಸಿಗೆ (ಬೆರೆಸಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಅಂಟು ರಾಳ) ಸೇರಿಸಿ ಶೀಟ್, ಟ್ರೇ, ಟೀಪಾಯಿ ಹಲಗೆ ಮಾಡುವವರಿಗೆ ಅಂತ. ನಾನು ತರಿಸಿದ ಪ್ಯಾಕೆಟ್ ಮೇಲೆ "5% ಕಾಸ್ಟಿಕ್ ಸೋಡಾ ಟ್ರೀಟೆಡ್" ಎಂಬ ಚೀಟಿ ಇತ್ತು. ಮಾರಿದವರ ಹೆಸರು ಬೇಡ ಬಿಡಿ.

ಮೊದಲು ಒಳ್ಳೆಯದು ಹೇಳುತ್ತೇನೆ. ಸಾದಾ ನಾರಿನ ಮೈಮೇಲೆ ಮೇಣ ಇರುತ್ತದೆ, ನಾರು ನೀರು ಹೀರುತ್ತದೆ, ಎಪಾಕ್ಸಿಯನ್ನು ಮಾತ್ರ ಸರಿಯಾಗಿ ಹಿಡಿಯುವುದಿಲ್ಲ. ಕಾಸ್ಟಿಕ್‌ನಲ್ಲಿ ನೆನೆಸಿದರೆ ಮೇಣ, ಹೆಮಿಸೆಲ್ಯುಲೋಸ್ (ನಾರಿನಲ್ಲಿರುವ ನೀರು ಹೀರುವ ಅಂಶ), ಒಂದಷ್ಟು ಲಿಗ್ನಿನ್ (ಎಳೆಗಳನ್ನು ಅಂಟಿಸಿ ಹಿಡಿಯುವ ಅಂಶ) ಬಿಟ್ಟುಹೋಗಿ ಮೈ ಒರಟಾಗುತ್ತದೆ. ಅಡಿಕೆ ಸಿಪ್ಪೆಯಲ್ಲಿ ಹೆಮಿಸೆಲ್ಯುಲೋಸ್ ಜಾಸ್ತಿ, ಹಾಗಾಗಿ ಇದಕ್ಕೆ ಈ ಕೆಲಸ ಬೇಕೇ ಬೇಕು. ಎರಡೂ ನಾರಿನ ಶೀಟ್ ಮಾಡಿ ಮುರಿದು ನೋಡಿದೆ. ಸಾದಾ ನಾರಿನ ಶೀಟಿನಲ್ಲಿ ನಾರು ಉದ್ದುದ್ದ ಕಿತ್ತು ಬಂದು, ಬಂದ ಜಾಗದಲ್ಲಿ ಸಣ್ಣ ಸಣ್ಣ ತೂತು. ಟ್ರೀಟೆಡ್ ನಾರು ಮುರಿದ ಗೆರೆಯಲ್ಲೇ ತುಂಡಾಗಿತ್ತು, ಅಂದರೆ ಎಪಾಕ್ಸಿ ಹಿಡಿದ ಹಿಡಿತ ಬಿಟ್ಟಿಲ್ಲ.

ಆದರೆ ತೊಳೆದಿಲ್ಲ ಮಾರಾಯ್ರೇ! ಒದ್ದೆ ಕೈಯಲ್ಲಿ ಹಿಡಿದರೆ ಬೆರಳ ಮಧ್ಯೆ ಜಾರುತ್ತದೆ. ನೆನೆಸಿದ ನೀರಿಗೆ ಪಿಎಚ್ ಪೇಪರ್ ಅದ್ದಿದರೆ ಕಡು ನೀಲಿ, ಅಂದರೆ ಕಾಸ್ಟಿಕ್ ಇನ್ನೂ ಉಳಿದಿದೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಫೋನ್ ಮಾಡಿದರೆ "ಸಾರ್, ನಾವು ತೊಳೆದೇ ಕಳಿಸೋದು" ಎಂಬ ಉತ್ತರ. ಈ ಕಪ್ಪು ನೀರನ್ನು ನೀವು ಎಲ್ಲಿ ಬಿಡ್ತೀರಿ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಅರ್ಧಂಬರ್ಧ ಒಣಗಿದ್ದನ್ನೇ ಕವರಿಗೆ ತುಂಬಿ ಸೀಲ್ ಮಾಡಿದ್ದಾರೆ ಬೇರೆ. ತೇವ ಉಳಿದ ನಾರು ಎಪಾಕ್ಸಿಯೊಳಗೆ ಗುಳ್ಳೆ ಎಬ್ಬಿಸುತ್ತದೆ, ಗುಳ್ಳೆ ಇದ್ದ ಕಡೆಯೇ ಶೀಟ್ ಮುರಿಯುತ್ತದೆ. ತಳದಲ್ಲಿದ್ದ ನಾರಂತೂ ಹಿಂಡಿದರೆ ಪುಡಿಪುಡಿ. ಕಾಸ್ಟಿಕ್ ಜಾಸ್ತಿಯಾದರೂ, ಜಾಸ್ತಿ ಹೊತ್ತು ನೆನೆದರೂ ನಾರೇ ಸೊರಗುತ್ತದೆ ಅಲ್ವಾ.

ಬೆಲೆ ಸಾದಾ ನಾರಿನ ಹತ್ತಿರ ಹತ್ತಿರ ಎರಡರಷ್ಟು. ಕಾಲೇಜು ಪ್ರಾಜೆಕ್ಟಿಗೆ ಅವಸರವಿದ್ದರೆ ತಗೊಳ್ಳಿ, ಆದರೆ ಮತ್ತೆ ತೊಳೆಯಿರಿ. ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿ, ಪಿಎಚ್ 7ರ ಹತ್ತಿರ ಬರುವವರೆಗೆ ಬಿಡಬೇಡಿ, ಆಮೇಲೆ ಗರಿಗರಿಯಾಗಿ ಒಣಗಿಸಿ. ನಾನು ಮುಂದಿನ ಸಲ ಸಾದಾ ನಾರನ್ನೇ ತರಿಸಿ ಮನೆಯಲ್ಲೇ ನೆನೆಸುತ್ತೇನೆ. ನೀವೂ ಹಾಗೆ ಮಾಡುವುದಾದರೆ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೇ ಸಿಡಿಯುತ್ತದೆ.