ಇಪಿಡಿಎಂ ಫ್ಯಾನ್ ಬೆಲ್ಟ್: ಕರಾವಳಿಯ ನಾಲ್ಕು ಮಳೆಗಾಲ ಕಳೆದ ಮೇಲೆ

ಬಾನೆಟ್ ಒಳಗಿಂದ 'ಕೀಂಯ್' ಅಂತ ಶಬ್ದ ಬಂದರೆ ಮಂಗಳೂರು, ಉಡುಪಿ ಕಡೆ ಸಿಗುವ ಮೊದಲ ಉತ್ತರ ಒಂದೇ: "ಫ್ಯಾನ್ ಬೆಲ್ಟ್ ಹೋಗಿದೆ, ಹೊಸದು ಹಾಕಿಬಿಡಿ." ಹಾಕಿದ ಮೇಲೆ ಹದಿನೈದು ದಿನ ಸುಮ್ಮನಿರುತ್ತದೆ. ಜೋರು ಮಳೆ ಬಿದ್ದ ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಗ. ಈ ವಿಮರ್ಶೆ ಈಗ ಹೆಚ್ಚಿನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಇಪಿಡಿಎಂ ರಬ್ಬರಿನ ಮಲ್ಟಿ-ರಿಬ್ (ಒಳಮೈಯಲ್ಲಿ ಉದ್ದಕ್ಕೂ ಏಣುಗಳ ಸಾಲಿರುವ) ಬೆಲ್ಟಿನ ಬಗ್ಗೆ. ಆಟೊ ಟೆನ್ಷನರ್ (ಬೆಲ್ಟನ್ನು ತಾನಾಗಿ ಬಿಗಿ ಹಿಡಿಯುವ ಸ್ಪ್ರಿಂಗ್ ತೋಳು) ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ನಲ್ಲಿ ನಾಲ್ಕು ಮಳೆಗಾಲ, 46,000 ಕಿ.ಮೀ. ಓಡಿದ ಬೆಲ್ಟ್ ಇದು. ಬೆಲ್ಟ್ ಒಳ್ಳೆಯದು, ಎರಡು ಮಾತಿಲ್ಲ. ಆದರೆ ಹಳೆಯ ನಿಯೋಪ್ರೀನ್ ರಬ್ಬರಿನ ಬೆಲ್ಟ್ ನೋಡಿದ ಕಣ್ಣಿನಲ್ಲೇ ಇದನ್ನೂ ನೋಡಿದರೆ ಮೋಸ ಹೋಗುತ್ತೀರಿ.

ನಿಯೋಪ್ರೀನ್ ಬೆಲ್ಟ್ ಹಳತಾದಾಗ ಒಳಮೈಯಲ್ಲಿ ಅಡ್ಡಡ್ಡ ಬಿರುಕು ಬಿಡುತ್ತಿತ್ತು. ಬಿರುಕು ಕಂಡರೆ ಬದಲಿಸು, ಕಾಣದಿದ್ದರೆ ಬಿಡು, ಅಷ್ಟೇ ಲೆಕ್ಕ. ಇಪಿಡಿಎಂ ಬಿಸಿಗೂ ಓಝೋನಿಗೂ ಸುಲಭಕ್ಕೆ ಬಗ್ಗುವುದಿಲ್ಲ, ಆದ್ದರಿಂದ ಬೇಗ ಬಿರುಕು ಬಿಡುವುದಿಲ್ಲ. ಅದು ಟಯರಿನ ಹಾಗೆ ಸವೆಯುತ್ತದೆ. ಹೊಸ ಬೆಲ್ಟನ್ನು ಮಗುಚಿ ಬೆಳಕಿಗೆ ಹಿಡಿದರೆ ಎರಡು ರಿಬ್‌ಗಳ ನಡುವಿನ ಗೆರೆ ಚೂಪಾಗಿ, ಚಾಕುವಿನಲ್ಲಿ ಕೊರೆದ ಹಾಗೆ ಕಾಣುತ್ತದೆ. ಸವೆದ ಬೆಲ್ಟಿನಲ್ಲಿ ಅದೇ ಗೆರೆಯ ತಳ ಅಗಲವಾಗಿ, ದುಂಡಗಾಗಿರುತ್ತದೆ. ರಿಬ್‌ಗಳ ಬದಿ ನುಣುಪಾಗಿ ಮಿರುಗುತ್ತದೆ. ಒಂದು ಬಿರುಕೂ ಇರುವುದಿಲ್ಲ, ಆದರೂ ಆ ಬೆಲ್ಟಿನ ಆಯುಸ್ಸು ಮುಗಿದಿರುತ್ತದೆ.

ನಮ್ಮ ಕಡೆಯ ಮಳೆಗೂ ಈ ಸವೆತಕ್ಕೂ ನೇರ ಸಂಬಂಧವಿದೆ. ಹೊಸ ಬೆಲ್ಟಿನ ರಿಬ್ ಪುಲ್ಲಿಯ (ಬೆಲ್ಟ್ ಸುತ್ತುವ ಚಕ್ರದ) ಗಾಡಿಗೆ, ಅಂದರೆ ಅದರಲ್ಲಿ ಕೊರೆದ ಸಾಲಿಗೆ, ಬದಿಗಳಲ್ಲಿ ಮಾತ್ರ ಕಚ್ಚಿಕೊಳ್ಳುತ್ತದೆ. ತುದಿಯಲ್ಲಿ ಸ್ವಲ್ಪ ಜಾಗ ಉಳಿದಿರುತ್ತದೆ, ಒಳಗೆ ಹೊಕ್ಕ ನೀರು ಅಲ್ಲಿಂದ ಜಾರಿ ಹೋಗುತ್ತದೆ. ಬದಿ ಸವೆದಂತೆ ಬೆಲ್ಟ್ ಗಾಡಿಯೊಳಗೆ ಕೆಳಗೆ ಕೂರುತ್ತದೆ, ಆ ಜಾಗ ಮುಚ್ಚಿಹೋಗುತ್ತದೆ. ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನಿಂತ ನೀರಿನಲ್ಲಿ ಕಾರು ಹಾಯಿಸಿದಾಗ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಬೆಲ್ಟ್ ನೀರಿನ ಪದರದ ಮೇಲೆ ತೇಲಿ ಜಾರುತ್ತದೆ, ಕಿರುಚುತ್ತದೆ. ಇದಕ್ಕೆ ರಬ್ಬರ್ ತೀರಾ ಸವೆಯಬೇಕೆಂದೇನೂ ಇಲ್ಲ, ಶೇಕಡಾ 5ರಷ್ಟು ಹೋದರೂ ಸಾಕು. ಬೇಸಿಗೆಯಲ್ಲಿ ಮೌನವಾಗಿದ್ದ ಬೆಲ್ಟ್ ಜೂನ್ ತಿಂಗಳಲ್ಲಿ ಬಾಯಿ ಬಿಡುವುದು ಇದೇ ಕಾರಣಕ್ಕೆ.

ಅಳೆಯಲು ಚಿಕ್ಕ ಪ್ಲಾಸ್ಟಿಕ್ ಗೇಜ್ ಬರುತ್ತದೆ. ಅದರ ಕಡ್ಡಿಯನ್ನು ಎರಡು ರಿಬ್‌ಗಳ ನಡುವೆ ಒತ್ತಿ ಬೆರಳಾಡಿಸಿ ನೋಡಬೇಕು. ಕಡ್ಡಿ ರಿಬ್‌ಗಿಂತ ಮೇಲೆ ಎದ್ದು ತಾಗಿದರೆ ಬೆಲ್ಟ್ ಇನ್ನೂ ಬಾಳುತ್ತದೆ, ರಿಬ್ಬಿನ ಮಟ್ಟಕ್ಕೆ ಇಳಿದಿದ್ದರೆ ಬದಲಿಸಬೇಕು. ಒಂದೇ ಕಡೆ ಅಳೆದರೆ ಸಾಲದು, ಮೂರು ನಾಲ್ಕು ಜಾಗದಲ್ಲಿ ನೋಡಿ.

ಇನ್ನು ಶಬ್ದದ ವಿಷಯ. ಮೊದಲು ಕಿವಿಗೆ ಕೆಲಸ ಕೊಡಿ. ಹಕ್ಕಿ ಕೂಗಿದ ಹಾಗೆ 'ಚೀಂಕ್ ಚೀಂಕ್' ಎಂದು ಬಿಟ್ಟು ಬಿಟ್ಟು ಬಂದು, ಎಂಜಿನ್ ವೇಗ ಏರಿದಂತೆ ಅದರ ತಾಳವೂ ಚುರುಕಾದರೆ ಯಾವುದೋ ಪುಲ್ಲಿ ನೇರವಿಲ್ಲ ಎಂದರ್ಥ. ಉದ್ದಕ್ಕೆ ಎಳೆದ 'ಕೀಂಯ್' ಆಗಿದ್ದು, ಸೆಲ್ಫ್ ಹೊಡೆದ ಕೂಡಲೇ, ಎಸಿ ಹಾಕಿದಾಗ, ಹೈಡ್ರಾಲಿಕ್ ಪವರ್ ಸ್ಟಿಯರಿಂಗ್ ಇದ್ದರೆ ಆಗುಂಬೆ ತಿರುವಿನಲ್ಲಿ ಪೂರ್ತಿ ತಿರುಗಿಸಿದಾಗ ಬರುತ್ತಿದ್ದರೆ ಬೆಲ್ಟ್ ಜಾರುತ್ತಿದೆ. ಅನುಮಾನ ಉಳಿದರೆ ನೀರಿನ ಪರೀಕ್ಷೆ ಮಾಡಿ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ಬೆಲ್ಟಿನ ರಿಬ್ ಇರುವ ಬದಿಗೆ ಸ್ವಲ್ಪ ನೀರು ಹಾರಿಸಿ. ಶಬ್ದ ತಕ್ಷಣ ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಪುಲ್ಲಿಯ ನೇರ ತಪ್ಪಿದೆ. ಶಬ್ದ ಇನ್ನೂ ಜೋರಾದರೆ ಬಿಗಿ ಸಾಲದು ಅಥವಾ ಬೆಲ್ಟ್ ಸವೆದಿದೆ. ಸೀರೆಯ ಸೆರಗು, ಶಾಲು, ಸಡಿಲ ತೋಳು ಹತ್ತಿರ ಸುಳಿಯದಿರಲಿ, ಕೈ ದೂರವಿರಲಿ. ಮಳೆಗಾಲದ ಬೆಳಿಗ್ಗೆ ಹತ್ತಿಪ್ಪತ್ತು ಸೆಕೆಂಡು ಸಣ್ಣಗೆ ಕೂಗಿ ಸುಮ್ಮನಾದರೆ ಅದು ತೇವ ಮಾತ್ರ, ಅದಕ್ಕೆ ದುಡ್ಡು ಸುರಿಯಬೇಡಿ.

ಸ್ಟಾರ್ಟ್ ಆದ ಮೇಲೆ ನಿಮಿಷಗಟ್ಟಲೆ ಕಿರುಚುತ್ತಿದ್ದರೆ ಬ್ಯಾಟರಿಯನ್ನೂ ನೋಡಿ. ಸೊರಗಿದ ಬ್ಯಾಟರಿಯನ್ನು ತುಂಬಿಸಲು ಡೈನಮೋ (ಬೆಲ್ಟಿನಿಂದ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್) ಹೆಚ್ಚು ಹೊತ್ತು ಹೆಚ್ಚು ಭಾರ ಎಳೆಯುತ್ತದೆ. ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್ ಸೇರಿದರೆ ಆ ಭಾರ ಪೂರ್ತಿ ಬೆಲ್ಟಿನ ಮೇಲೆ. ರಾತ್ರಿ ನಿಂತ ಕಾರಿನಲ್ಲಿ 12.4ರಿಂದ 12.6 ವೋಲ್ಟ್ ಇರಬೇಕು. 12.2ಕ್ಕೆ ಇಳಿದಿದ್ದರೆ ಬ್ಯಾಟರಿ ಅರ್ಧ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ತೋರಿಸುತ್ತದೆ.

ಬೆಲ್ಟ್ ಬಿಚ್ಚಿ ಎಂಜಿನ್ ಅರ್ಧ ನಿಮಿಷ ಓಡಿಸಿದರೆ ಉಳಿದ ಗೊಂದಲವೂ ಹೋಗುತ್ತದೆ. ಅದಕ್ಕಿಂತ ಹೆಚ್ಚು ಓಡಿಸಬೇಡಿ, ವಾಟರ್ ಪಂಪ್ ಇದೇ ಬೆಲ್ಟಿನಲ್ಲಿದ್ದರೆ ನೀರು ಸುತ್ತುವುದಿಲ್ಲ. ಬ್ಯಾಟರಿ ದೀಪ ಉರಿಯುವುದು ಸಹಜ. ಶಬ್ದ ನಿಂತರೆ ದೋಷ ಬೆಲ್ಟಿನಲ್ಲಿ ಅಥವಾ ಅದು ತಿರುಗಿಸುವ ಭಾಗಗಳಲ್ಲಿದೆ. ನಿಲ್ಲದಿದ್ದರೆ ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿ. ಆಗ ಶಬ್ದ ನಿಂತರೆ ಎಂಜಿನ್ ಒಳಗಿನ ಹೊಗೆಗಾಳಿಯನ್ನು ಮರಳಿ ಇನ್‌ಟೇಕ್‌ಗೆ ಕಳಿಸುವ ಪಿಸಿವಿ ವಾಲ್ವಿನ ಡಯಾಫ್ರಮ್ (ರಬ್ಬರ್ ಪರದೆ) ಹರಿದು ಗಾಳಿ ಎಳೆಯುತ್ತಿರಬಹುದು. ಅಂಥ ಕಾರಿಗೆ ಎಷ್ಟು ಬೆಲ್ಟ್ ಹಾಕಿದರೂ ವ್ಯರ್ಥ.

ಬೆಲ್ಟ್ ಬಿಚ್ಚಿದಾಗ ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ. ಮರಳು ಅರೆದ ಹಾಗೆ ಕರಕರ ಎಂದರೆ, ಅಥವಾ ಗ್ರೀಸ್ ಒಣಗಿ ಗಿರ್ರನೆ ಬಹಳ ಹೊತ್ತು ತಿರುಗುತ್ತಲೇ ಇದ್ದರೆ ಬೇರಿಂಗ್ ಮುಗಿದಿದೆ. ಐಡ್ಲರಿನಲ್ಲಿ (ಬೆಲ್ಟಿಗೆ ದಾರಿ ಕೊಡಲಷ್ಟೇ ಇರುವ ಪುಲ್ಲಿ) ಹಲವು ಕಡೆ 6203 ಬೇರಿಂಗ್ ಇರುತ್ತದೆ. ಒತ್ತಿ ಹಾಕುವ ಪುಲ್ಲಿಯಾದರೆ ಬೇರಿಂಗ್ ಮಾತ್ರ ಬದಲಿಸಿದರೆ ಸಾಕು, ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ಕೆಲವು ಡೀಸೆಲ್ ಕಾರುಗಳ ಡೈನಮೋ ಪುಲ್ಲಿಯಲ್ಲಿ ಕ್ಲಚ್ ಇರುತ್ತದೆ. ಅದು ಒಂದು ದಿಕ್ಕಿಗೆ ರೋಟರನ್ನು (ಡೈನಮೋ ಒಳಗೆ ತಿರುಗುವ ಭಾಗ) ಹಿಡಿಯಬೇಕು, ಇನ್ನೊಂದು ದಿಕ್ಕಿಗೆ ಬಿಟ್ಟುಕೊಡಬೇಕು. ಎರಡೂ ಕಡೆ ಹಿಡಿದರೆ ಬೆಲ್ಟ್ ಅದುರುತ್ತದೆ, ಟೆನ್ಷನರ್ ಬೇಗ ಹಾಳಾಗುತ್ತದೆ.

ಕರಾವಳಿಯ ಉಪ್ಪುಗಾಳಿ ಮೊದಲು ತಿನ್ನುವುದು ಈ ಟೆನ್ಷನರನ್ನೇ. ತೋಳಿನ ಬುಡದಲ್ಲಿ ಕುಂಕುಮದ ಹಾಗೆ ಕೆಂಪು ಪುಡಿ ಕಂಡರೆ ಒಳಗಿನ ಬುಷ್ ಸವೆಯುತ್ತಿದೆ. ಅದನ್ನು ರಸ್ತೆಯ ಕೆಮ್ಮಣ್ಣು ಎಂದು ಒರೆಸಿ ಬಿಡಬೇಡಿ. ಒರೆಸಿದ ವಾರದಲ್ಲಿ ಮತ್ತೆ ಅದೇ ಜಾಗದಲ್ಲಿ ಬಂದರೆ ಅದು ತುಕ್ಕೇ. ಐಡಲ್‌ನಲ್ಲಿ ತೋಳು ನಡುಗುವುದು ಕಣ್ಣಿಗೆ ಎದ್ದು ಕಂಡರೂ, ಸ್ಪಾನರ್ ಹಾಕಿ ತಿರುಗಿಸುವಾಗ ನಡುವೆ ಸಿಕ್ಕಿಕೊಂಡರೂ ಟೆನ್ಷನರ್ ಬದಲಿಸಲೇಬೇಕು. ಬೆಲೆ ಬೆಲ್ಟಿನ ಹಲವು ಪಟ್ಟು, ಹಾಗಾಗಿ ಜನ ಮುಂದೂಡುತ್ತಾರೆ. ಹೊಸ ಬೆಲ್ಟ್ ಹಾಕಿದ ಹದಿನೈದೇ ದಿನಕ್ಕೆ ಶಬ್ದ ಮರಳುವುದು ಹೆಚ್ಚಾಗಿ ಇಲ್ಲಿಂದ.

ಗಲ್ಫಿನಲ್ಲಿರುವವರ ಮನೆಯ ಅಂಗಳದಲ್ಲಿ ಕವರ್ ಹೊದ್ದು ತಿಂಗಳುಗಟ್ಟಲೆ ನಿಂತ ಕಾರುಗಳದ್ದು ಬೇರೆ ಕಥೆ. ಬೆಲ್ಟ್ ತಾಗಿರದ ಕಡೆ ಪುಲ್ಲಿಯ ಗಾಡಿ ತುಕ್ಕು ಹಿಡಿದು ಉಪ್ಪುಕಾಗದದಂತಾಗುತ್ತದೆ. ಹಾಗೆಯೇ ಸ್ಟಾರ್ಟ್ ಮಾಡಿ ಓಡಿಸಿದರೆ ಒಳ್ಳೆಯ ಬೆಲ್ಟಿನ ರಿಬ್ ಕೂಡ ಬೇಗ ಉಜ್ಜಿಹೋಗುತ್ತದೆ. ಬೆಲ್ಟ್ ಬಿಚ್ಚಿ, ಹಿತ್ತಾಳೆ ಬ್ರಷ್‌ನಲ್ಲಿ ಗಾಡಿಗಳನ್ನು ಒಣದಾಗಿ ಉಜ್ಜಿ, ಬ್ರೇಕ್ ಕ್ಲೀನರ್ ಹಚ್ಚಿದ ಬಟ್ಟೆಯಿಂದ ಒರೆಸಿ ಆಮೇಲೆ ಹಾಕಿ.

ಈ ಬೆಲ್ಟಿನ ನಿಜವಾದ ದೌರ್ಬಲ್ಯ ಎಣ್ಣೆ. ನೀರು, ಬಿಸಿಲು, ಬಿಸಿ ಎಲ್ಲವನ್ನೂ ತಾಳುವ ಇಪಿಡಿಎಂ ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಈ ವಿಷಯದಲ್ಲಿ ಹಳೆಯ ನಿಯೋಪ್ರೀನ್ ಮೇಲು. ವಾಟರ್ ಸರ್ವಿಸ್‌ಗೆ ಬಿಟ್ಟಾಗ ಎಂಜಿನ್ನಿಗೆ ಡೀಸೆಲ್ ಹೊಡೆಯಬೇಡಿ ಎಂದು ಬಾಯಿ ಬಿಟ್ಟು ಹೇಳಿ. ಮಳೆಗಾಲಕ್ಕೆ ಮುಂಚೆ ಕಾರಿನ ತಳಕ್ಕೆ ತುಕ್ಕು ತಡೆಯುವ ಎಣ್ಣೆ ಸ್ಪ್ರೇ ಮಾಡಿಸುವಾಗ ಬೆಲ್ಟಿನ ಬದಿಯನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿಸಿ. ಶಬ್ದ ನಿಲ್ಲಿಸಲು ಸೋಪು, ಮೇಣ, ಬೆಲ್ಟ್ ಸ್ಪ್ರೇ, ಡಬ್ಲ್ಯೂಡಿ-40 ಯಾವುದೂ ಬೇಡ. ಅಂಟಿನ ಸ್ಪ್ರೇ ಎರಡು ದಿನ ಹಿಡಿಯುತ್ತದೆ, ಆಮೇಲೆ ಧೂಳು ಮೆತ್ತಿ ಗಾಡಿ ತುಂಬುತ್ತದೆ. ವಾಲ್ವ್ ಕವರಿನಿಂದ ಆಯಿಲ್ ಅಥವಾ ವಾಟರ್ ಪಂಪಿನಿಂದ ಕೂಲಂಟ್ ಸೋರುತ್ತಿದ್ದರೆ ಅದನ್ನು ನಿಲ್ಲಿಸದೆ ಹೊಸ ಬೆಲ್ಟ್ ಹಾಕುವುದು ದುಡ್ಡು ದಂಡ.

ಕೊಳ್ಳುವಾಗ ಹಳೆಯ ಬೆಲ್ಟಿನ ಬೆನ್ನಿನ ಮೇಲಿನ ನಂಬರ್ ನೋಡಿ. ಉದಾಹರಣೆಗೆ 6ಪಿಕೆ1070 ಎಂದರೆ 6 ರಿಬ್, ಪಿಕೆ ಅಚ್ಚು (ರಿಬ್ಬಿನ ಆಕಾರದ ಗುರುತು), 1070 ಮಿ.ಮೀ. ಉದ್ದ. "ಹತ್ತು ಮಿ.ಮೀ. ಹೆಚ್ಚಿದ್ದರೆ ನಡೆಯುತ್ತದೆ" ಎಂಬ ಮಾತಿಗೆ ತಲೆಯಾಡಿಸಬೇಡಿ, ಟೆನ್ಷನರ್ ಮುಳ್ಳು ಗುರುತಿನಿಂದ ಆಚೆ ಹೋಗಿಬಿಡುತ್ತದೆ.

ಹಾಕುವ ಕೆಲಸ ದೊಡ್ಡದಲ್ಲ. ಬೆಲ್ಟ್ ಹೋದ ದಾರಿಯ ಫೋಟೊ ತೆಗೆದುಕೊಳ್ಳಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟೆನ್ಷನರ್ ತೋಳನ್ನು ಸ್ಪಾನರಿನಲ್ಲಿ ಎಳೆದು ಅದರ ತೂತಿಗೆ ಆಲನ್ ಕೀ ಸಿಕ್ಕಿಸಿ. ಬೆಲ್ಟ್ ಕೂರಿಸಿದ ಮೇಲೆ ಆರೂ ರಿಬ್ ಆರೂ ಗಾಡಿಯಲ್ಲಿವೆಯೇ ಎಂದು ಪ್ರತಿ ಪುಲ್ಲಿಯಲ್ಲಿ ಬೆರಳಿಟ್ಟು ನೋಡಿ. ಕೆಳಗಿನ ಕ್ರ್ಯಾಂಕ್ ಪುಲ್ಲಿಯಲ್ಲಿ ಒಂದು ರಿಬ್ ಹೊರಗುಳಿದರೂ ಬೆಲ್ಟ್ ನಾರುನಾರಾಗುತ್ತದೆ. ಟೆನ್ಷನರ್ ಇಲ್ಲದೆ ಡೈನಮೋ ಸರಿಸಿ ಬಿಗಿ ಮಾಡುವ ಕಾರಾದರೆ ಕೆಳಗಿನ ಪಿವಟ್ ಬೋಲ್ಟನ್ನೂ ಸಡಿಲಿಸಿ, ಕೊನೆಗೆ ಅದನ್ನೂ ಬಿಗಿ ಮಾಡಬೇಕು. ಅದನ್ನು ಮರೆತರೆ ಡೈನಮೋ ವಾಲಿ 'ಚೀಂಕ್' ಶುರುವಾಗುತ್ತದೆ. ಸುಮಾರು 10 ಕೆ.ಜಿ. ಒತ್ತಿದಾಗ ಎಷ್ಟು ಮಿ.ಮೀ. ತಗ್ಗಬೇಕು ಎಂಬುದನ್ನು ಆಯಾ ಕಾರಿನ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ. ಅತಿ ಬಿಗಿ ಮಾಡಿದರೆ ಶಬ್ದವೇನೋ ನಿಲ್ಲುತ್ತದೆ, ಡೈನಮೋ ಮತ್ತು ವಾಟರ್ ಪಂಪಿನ ಬೇರಿಂಗ್ ಹೋಗುತ್ತದೆ. ಐದು ನಿಮಿಷ ಓಡಿಸಿ ಮತ್ತೊಮ್ಮೆ ಅಳೆಯಿರಿ, 1,000 ಕಿ.ಮೀ. ಒಳಗೆ ಇನ್ನೊಮ್ಮೆ.

46,000 ಕಿ.ಮೀ.ಗೆ ಈ ಬೆಲ್ಟಿನ ಮೇಲೆ ಗೇಜಿನ ಕಡ್ಡಿ ಇನ್ನೂ ಬೆರಳಿಗೆ ಎದ್ದು ತಾಗುತ್ತದೆ, ಆದರೆ ಮೊದಲ ವರ್ಷದಷ್ಟಲ್ಲ. ಮುಂದಿನ ಅಳತೆ ಮೇ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ.