ಕಳೆ ಹೊಡೆಯುವ ಮಿಷನ್ ರಿಪೇರಿಗೆ ಕೊಡುವವರು ಹಳೆಯ ಪಿಸ್ಟನ್ ಕೈಗೆ ಬಾರದೆ ಹಣ ಕೊಡಬೇಡಿ
ಚಿಕ್ಕಮಗಳೂರು ಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ನನಗಾದ ಮೋಸ ಮೂಡಿಗೆರೆ, ಆಲ್ದೂರು ಕಡೆಯ ಬೆಳೆಗಾರರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ತೋಟದಲ್ಲಿ ಕಳೆ ಹೊಡೆಸುವ ಹೊತ್ತಿಗೇ ನಮ್ಮ ಟೂ ಸ್ಟ್ರೋಕ್ ಬ್ರಷ್ ಕಟರ್ ಕೈಕೊಟ್ಟಿತು. ಸ್ಟಾರ್ಟ್ ಆಗುತ್ತಿತ್ತು, ಆದರೆ ಆಕ್ಸಿಲರೇಟರ್ ಒತ್ತಿದೊಡನೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಅಂಗಡಿಯವನು ಏನನ್ನೂ ಬಿಚ್ಚದೆ, ಸ್ಟಾರ್ಟ್ ಮಾಡುವ ಹಗ್ಗವನ್ನು ಒಮ್ಮೆ ಎಳೆದು, "ಪಿಸ್ಟನ್ ಹೋಗಿದೆ ಸಾರ್, ನೀವು ಆಯಿಲ್ ಕಮ್ಮಿ ಹಾಕಿದೀರಿ" ಎಂದ. ಈ ಯಂತ್ರಕ್ಕೆ ಹೇಳಿರುವ 50ಕ್ಕೆ 1ರ ಲೆಕ್ಕದಲ್ಲಿ, ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲನ್ನು ನಾನೇ ಅಳೆದು ಬೆರೆಸುತ್ತೇನೆಂದು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬ್ಲಾಕ್ (ಪಿಸ್ಟನ್ ಆಡುವ ಸಿಲಿಂಡರ್) ಮತ್ತು ಪಿಸ್ಟನ್ ಸೆಟ್ ಬದಲಿಸಿದ್ದೇವೆಂದು ಸೀಲ್ ಹಾಕಿದ ಬಿಲ್ ಕೊಟ್ಟು 5,800 ರೂಪಾಯಿ ತೆಗೆದುಕೊಂಡ.

ತೋಟಕ್ಕೆ ತಂದು ಓಡಿಸಿದರೆ ಮತ್ತೆ ಅದೇ ಕಾಯಿಲೆ. ಮಿಷನ್ ಕೆಲಸ ಬಲ್ಲ ಪಕ್ಕದ ತೋಟದ ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಬಂದು ಸೈಲೆನ್ಸರ್ ಬಿಚ್ಚಿದರು. ಹಗ್ಗವನ್ನು ಮೆಲ್ಲಗೆ ಎಳೆಯುತ್ತಾ ಹೊಗೆ ಹೋಗುವ ಕಿಂಡಿಗೆ ಟಾರ್ಚ್ ಹಿಡಿದು, "ನೀವೇ ನೋಡಿ" ಎಂದರು. ತಲೆಯ ಮೇಲೆ ದಪ್ಪನೆ ಕರಿ ಕಟ್ಟಿದ ಹಳೆಯ ಪಿಸ್ಟನ್ ಒಳಗೆ ಮೇಲೆ ಕೆಳಗೆ ಆಡುತ್ತಿತ್ತು! ಆಯಿಲ್ ಕಮ್ಮಿಯಾಗಿ ಹಾಳಾಗಿದ್ದರೆ ಬೀಳಬೇಕಿದ್ದ ಗೀರು ಅದರ ಮೈಮೇಲೆ ಒಂದೂ ಇರಲಿಲ್ಲ. ಬ್ಲಾಕಿನ ಬೋಲ್ಟುಗಳ ಮೇಲಿನ ಜಿಡ್ಡು, ಮಣ್ಣು ಹಾಗೇ ಇತ್ತು. ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. ಬದಲಿಸುವುದಿರಲಿ, ಬಿಚ್ಚಿಯೇ ಇರಲಿಲ್ಲ. ಅದನ್ನು ಕಂಡಾಗ ಆ ರೈಟರ್ ಎದುರು ನನಗೆ ತಲೆ ಎತ್ತಲಾಗಲಿಲ್ಲ.

ನಿಜವಾದ ದೋಷವಿದ್ದದ್ದು ಸೈಲೆನ್ಸರಿನ ಬಾಯಿಯಲ್ಲಿರುವ ಸಣ್ಣ ಜಾಲರಿಯಲ್ಲಿ. ಕಿಡಿ ಹೊರಗೆ ಹಾರದಂತೆ ತಡೆಯುವ ಆ ಜಾಲರಿ ಕಾರ್ಬನ್ ಕಟ್ಟಿ ಮುಚ್ಚಿಹೋದರೆ ಹೊಗೆ ಹೊರಹೋಗದೆ ಇಂಜಿನ್ ವೇಗ ಹಿಡಿಯುವುದಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ ಹಾಕಿದ ಮೇಲೆ ಮಿಷನ್ ಮೊದಲಿನಂತೆ ಓಡಿತು.

ಅಂಗಡಿಯವನಿಗೆ ಫೋನ್ ಮಾಡಿ ಹಳೆಯ ಪಿಸ್ಟನ್ ಎಲ್ಲಿ ಎಂದು ಕೇಳಿದೆ. "ಗುಜರಿಗೆ ಹೋಯ್ತು ಸಾರ್." ಒಳಗಿರುವುದೇ ಹಳೆಯದಲ್ಲವೇ ಎಂದರೆ, "ಓಡಿಸಿದ ಮೇಲೆ ಕರಿ ಹಿಡಿಯಲ್ವಾ?" ಒಮ್ಮೆ ಓಡಿಸುವಷ್ಟರಲ್ಲಿ ಹೊಸ ಪಿಸ್ಟನ್ ಮೇಲೆ ಅಷ್ಟು ದಪ್ಪ ಕರಿ ಕಟ್ಟುತ್ತದೆಯೇ? ಬೋಲ್ಟುಗಳ ವಿಷಯ ಎತ್ತಿದಾಗ, "ಈಗ ಓಡ್ತಿದೆ ತಾನೇ, ಮತ್ತೇನು ನಿಮ್ದು?" ಎಂದು ಫೋನ್ ಇಟ್ಟ. ಓಡಿಸಿದ್ದು ಅವನಲ್ಲ! ಅವನು ಮಾಡಿದ್ದು ಬಿಲ್ ಒಂದೇ.

ಮಿಷನ್ ಕೊಡುವ ಮೊದಲು, ಬಿಚ್ಚಿದ್ದಾರೋ ಇಲ್ಲವೋ ಗೊತ್ತಾಗುವಂತೆ ಬ್ಲಾಕಿನ ಬೋಲ್ಟುಗಳಿಗೆ ಪೇಂಟಿನ ಬೊಟ್ಟಿಟ್ಟು ಫೋಟೋ ತೆಗೆದುಕೊಳ್ಳಿ, ಜಾಲರಿಯನ್ನು ನೀವೇ ಒಮ್ಮೆ ಬಿಚ್ಚಿ ನೋಡಿ. ನಾನು ಬಿಲ್ ಮತ್ತು ಫೋಟೋಗಳೊಂದಿಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ.